ಒಂಬತ್ತನೇ ನಂಬರು

ಪುಟ್ಟಮಾದಣ್ಣ,
ಕಂಬ ಎರಡನ್ನೂ ಕಿತ್ತು ಇಸ್ಕೂಲ್ ಜಗಲಿಗೆ ಒರಗಿಸಿದ್ದಾಯ್ತು.
ನೆಟ್ಟು ನನ್ನ ಮಿಷಿನ್ನಿನ ಪಕ್ಕ ಮೂಟೆಯಾಗಿ ಬಿದ್ದದೆ,
ಮೂರು ಕಡೆ ತೂತು. ಒಂದು ಇಲಿ ಮಾಡಿದ್ದು,
ಮಿಕ್ಕಿದ್ದು ತನ್ನ ಹೊಡೆತ ಅಂತ
ಬೋರಲಿಂಗ ಊರೆಲ್ಲ ಹೇಳ್ಕೊಂಡು ತಿರುಗ್ತಾನೆ.
ನಾಲೆಗೆ ನೀರು ಬುಟ್ಟವ್ರೆ.
ಸುಣ್ಣದ ಗೆರೆ ಮೇಲೆ ಗರಿಕೆ ಎದ್ದದೆ.
ಇನ್ನು ದಸರಾ ಕಳೆಯೋಗಂಟ
ನಮ್ಮ ಪಾಂಡವಪುರದಲ್ಲಿ
ಚೆಂಡು ನೆಲಕ್ಕೆ ಬಿದ್ದ ಸದ್ದು ಕೇಳಂಗಿಲ್ಲ.

ಹನ್ನೆರಡು ಮೀಟರು ನೀಲಿ ಬಟ್ಟೆ ಇಟ್ಟು ಹೋದೆ,
ಲಿಬೆರೋಗೆ ಅಂತ ವಸಿ ಹಳದಿ.
ಹೆಸರಿನ ಪಟ್ಟಿ ಕೊಡಲಿಲ್ಲ.
'ಇನ್ನೂ ಮಾತುಕತೆ ನಡೀತಾ ಅದೆ, ಚನ್ನಾಜಮ್ಮ' ಅಂದೆ,
ಹೆಣ್ಣು ಗೊತ್ತು ಮಾಡೋರಂಗೆ ದನಿ ತಗ್ಗಿಸಿ.

ಗೊತ್ತು ಕಣಣ್ಣ.
ಸ್ಟೇಷನ್ ಹತ್ರ ಬೋಂಡ ಕರಿಯೋಳಿಗೂ ಗೊತ್ತು.
ಮಳವಳ್ಳಿ ಎಡಚನಿಗೆ ಎರಡು ಸಲ ಫೋನ್ ಮಾಡಿದ್ದೀಯ.
ಅವನು ಬೈಕು ಕೇಳವ್ನೆ,
ನೀನು ಟೈರಿನ ಮಾತಾಡ್ತಾ ಇದ್ದೀಯ.
ಕರ್ಕೊಂಡು ಬಾ, ಬ್ಯಾಡ ಅನ್ನಲ್ಲ.
ಬಲಗಡೆ ತುದೀಲಿ ನಿಂತು ಎಡಗೈಲಿ ಹೊಡೆಯೋನು ಒಬ್ಬ ಬೇಕು.
ಕಳೆದ ಸಲ ಆ ಮೂಲೆ ನಮಗೆ
ಬೀಗ ಹಾಕಿದ ಕೋಣೆ ಇದ್ದಂಗಿತ್ತು.

ಆದ್ರೆ ಇಮ್ತಿಯಾಜನ್ನ ಬುಟ್ಟುಕೊಟ್ಟು ತರಬ್ಯಾಡ.
ಮೈಸೂರಿನ ಯಾವುದೋ ಕಾರ್ಖಾನೆಯೋರು
ಗೇಟಿನ ಕೆಲಸ, ಮಧ್ಯಾಹ್ನದ ಊಟ ಅಂದವ್ರಂತೆ.
ಎತ್ತರದೋರು ಸಂತೇಲೂ ಸಿಗ್ತಾರೆ.
ಒಲೆಯಿಂದ ಹಾಲಿನ ಪಾತ್ರೆ ಇಳಿಸಿದಂಗೆ
ಚೆಂಡನ್ನ ಗಾಳೀಲಿ ಇಡೋ ಕೈ ಸಿಗಲ್ಲ.
ಅವನ ಅಂಗಿ ಒಳಗೆ
ಎರಡು ಬೆರಳು ಬಟ್ಟೆ ಜಾಸ್ತಿ ಮಡಚಿ ಹೊಲಿದಿವ್ನಿ,
ಮದ್ವೆಯಾಗಿ ಮೈ ಬಂದ್ಮೇಲೂ ಆಗ್ಲಿ ಅಂತ.
ಅಷ್ಟು ದೂರದ ಲೆಕ್ಕ ನಂದು.

ಶ್ರೀರಂಗಪಟ್ಟಣದ ಫೈನಲ್ಲು.
ಐದನೇ ಸೆಟ್ಟು, ಹದಿಮೂರು ಹದಿನಾಲ್ಕು,
ಲೈಟಿನ ಸುತ್ತ ಹುಳ ಸುರೀತಾ ಇತ್ತು.
ಶಿವಣ್ಣೇಗೌಡ ಹಾರಿದ.
ಹಾರಿದ ಅಂತ ನಾವಂದ್ಕೊಂಡೊ,
ಬಲಗಾಲು ನೆಲ ಬುಡಲೇ ಇಲ್ಲ.
ಚೆಂಡು ಗೆರೆ ಒಳಗೇ ಬಿದ್ದು, ಪುಟಿದು, ಉರುಳಿ
ಚಪ್ಪಲಿ ರಾಶಿ ಕಾಯ್ತಾ ಕೂತಿದ್ದ ನನ್ನ ಹತ್ರ ಬಂತು.
ಎತ್ತಿ ಗೆದ್ದೋರ ಕೈಗೆ ಕೊಟ್ಟೆ.
ಇನ್ಯಾರಿಗೆ ಕೊಡ್ಲಿ.

ಒಂದು ಮಾತು ಹೇಳ್ತೀನಿ, ನಗಬ್ಯಾಡ.
ಜಕ್ಕನಹಳ್ಳಿ ಹುಡುಗ, ಯೋಗಾನಂದ,
ನೀರಿನ ಕ್ಯಾನು ಹೊರ್ತಿದ್ನಲ್ಲ,
ಯುಗಾದಿಗೆ ಅಳತೆ ತಗೊಂಡಾಗ ಅವನ ತೋಳು ಇಪ್ಪತ್ತೆರಡು ಇಂಚು.
ಮೊನ್ನೆ ಯೂನಿಫಾರಂಗೆ ಬಂದಿದ್ದ, ಇಪ್ಪತ್ನಾಲ್ಕೂವರೆ.
ಟೇಪೇ ಹಿಗ್ಗಿರಬೇಕು ಅಂತ ಹಳೇ ಗಜಕೋಲಿಗೆ ಹಿಡಿದು ನೋಡಿದೆ.
ಟೇಪು ಸರಿಯಾಗೇ ಅದೆ.
ಕೈ ಎತ್ತು ಅಂದೆ,
ಅಂದೋಳೇ ಓಡೋಗಿ ಫ್ಯಾನ್ ಆರಿಸಿದೆ.
ನಿನ್ನ ಪಟ್ಟೀಲಿ ಅವನಿಲ್ಲ.
ನನ್ನ ಪುಸ್ತಕದಲ್ಲಿ ಅವ್ನೆ,
ಎದೆ, ಸೊಂಟ, ಭುಜ, ತೋಳು,
ಪಕ್ಕದಲ್ಲಿ ಪೆನ್ಸಿಲಲ್ಲಿ 'ಬ್ಲಾಕಿಗೆ' ಅಂತ ಬರೆದಿವ್ನಿ.

ಮಿಕ್ಕಿದ್ದು ಒಂಬತ್ತನೇ ನಂಬರು.
ಹನ್ನೊಂದು ವರ್ಷ ಶಿವಣ್ಣೇಗೌಡನ ಬೆನ್ನಿಗೆ ಹೊಲಿದಿದ್ದು.
ನೆನ್ನೆ ಅವನ ಹೆಂಡ್ರು ಕುಪ್ಪಸಕ್ಕೆ ಬಂದಿದ್ಲು.
ಏನೂ ಕೇಳಲಿಲ್ಲ. ನೀಲಿ ಬಟ್ಟೆ ಅಂಚನ್ನ
ಎರಡು ಬೆರಳಲ್ಲಿ ಹಿಡಿದು
'ಬಣ್ಣ ಬುಡಲ್ಲ ತಾನೆ' ಅಂದ್ಲು.
ಬುಡಲ್ಲ ಕಣಮ್ಮ ಅಂದೆ.

ನಂಬರು ಕತ್ತರಿಸಿಟ್ಟಿವ್ನಿ.
ತಲೆಕೆಳಗು ಮಾಡಿದ್ರೆ ಆರು ಆಯ್ತದೆ, ಅದೂ ಗೊತ್ತು.
ಸದ್ಯಕ್ಕೆ ಕಚ್ಚಾ ದಾರದಲ್ಲಿ ನಿಲ್ಲಿಸಿವ್ನಿ,
ಎಳೆದ್ರೆ ಬತ್ತದೆ.
ಮಿಷಿನ್ ಹೊಲಿಗೆ ನೀನು ಹೇಳಿದ್ಮೇಲೆ.

ಯೋಚನೆ ಮಾಡು. ಮಳೆ ನಿಲ್ಲೋದ್ರೊಳಗೆ ಹೇಳು.
ಆಮೇಲೆ ಆ ಹಳದಿ ಬಟ್ಟೆ ಸಾಲಲ್ಲ,
ಇನ್ನರ್ಧ ಮೀಟರ್ ಕಳಿಸು.