ಸೋಮವಾರದ ಬೈಕುಗಳು

ಸೋಮವಾರ ಬೆಳಿಗ್ಗೆ ನನ್ನ ಶೆಡ್ಡಿನ ಮುಂದೆ
ಗೋಡೆಗೊರಗಿ ನಿಂತಿರುತ್ತವೆ,
ಭಾನುವಾರ ಬೆಟ್ಟ ಏನೇನು ಮಾಡಿತೆಂದು
ಬಾಯಿ ಬಿಡದೆ ಹೇಳುತ್ತ.

ವೇಲ್ಸಿನ ಈ ಮೂಲೆಯಲ್ಲಿ ಬೆಟ್ಟವೆಂದರೆ ಸ್ಲೇಟು.
ಒಂದು ಕಾಲಕ್ಕೆ ಇಲ್ಲಿಂದಲೇ ಹಡಗು ಹತ್ತಿತ್ತು ಕಲ್ಲು,
ಯಾರ್ಯಾರದೋ ಮನೆಯ ಮಾಡಿಗೆ,
ಎಲ್ಲೆಲ್ಲಿಯದೋ ಮಕ್ಕಳ ಮಗ್ಗಿಗೆ.
ಉಳಿದ ಚೂರುಗಳ ರಾಶಿಯ ಮೇಲೆ ಈಗ ಹುಡುಗರ ಸವಾರಿ.
ಚೂರಿಗೆ ಅಂಚಿದೆ. ಟೈರಿನ ಪಕ್ಕೆಯನ್ನು
ಲಕೋಟೆ ಹರಿದಷ್ಟು ಸಲೀಸಾಗಿ ಸೀಳುತ್ತದೆ,
ಒಳಗೇನು ಬರೆದಿದೆ ಎಂದು ನೋಡುವವರಂತೆ.

ಮೊದಲು ತೊಳೆಯುವುದು.
ಬೂದು ನೀರು ಚರಂಡಿ ಸೇರುತ್ತದೆ.
ಇದೇ ಬಣ್ಣವನ್ನು ಕೆಮ್ಮುತ್ತಿದ್ದ ನನ್ನ ತಾತ ಈವೋರ್,
ಕರವಸ್ತ್ರ ಮಡಚಿ ಜೇಬಿಗಿಟ್ಟು
ಏನೂ ಆಗದವನ ಹಾಗೆ ಚಹಾ ಕೇಳುತ್ತಿದ್ದ.

ಆಮೇಲೆ ಬಿಚ್ಚುವುದು.
ಬೇರಿಂಗು ತಿರುಗಿಸಿದರೆ ಮರಳು ಅಗಿದ ಸದ್ದು.
ಶಾಕಿನ ಸೀಲು ಹೋಗಿ ಎಣ್ಣೆ
ನೆಗಡಿಯಾದ ಮಗುವಿನ ಮೂಗು.
ಡಿಸ್ಕು, ಕರಿದ ಹಪ್ಪಳ.
ಕಡ್ಡಿಗಳಲ್ಲಿ ಮೂರು ಮುರಿದಿವೆ,
ನಾಲ್ಕನೆಯದು ಯೋಚನೆ ಮಾಡುತ್ತಿದೆ.

ಬ್ರೇಕಿನ ಪ್ಯಾಡು ನೋಡಿದರೆ ಸವಾರ ಗೊತ್ತಾಗುತ್ತಾನೆ.
ಹಿಂದಿನದಷ್ಟೇ ಸವೆದಿದ್ದರೆ ಹೆದರಿ ಇಳಿದವನು.
ಮುಂದಿನದು ಸವೆದಿದ್ದರೆ ಬಲ್ಲವನು.
ಎರಡೂ ಹೊಸದಾಗೇ ಇದ್ದರೆ
ಒಂದೋ ಮನೆಯಲ್ಲಿ ಕೂತಿದ್ದಾನೆ, ಇಲ್ಲಾ ವಾರ್ಡಿನಲ್ಲಿ ಮಲಗಿದ್ದಾನೆ.

ನನ್ನ ಬಲ ಮಣಿಕಟ್ಟಿನಲ್ಲಿ ಏಳು ಸ್ಕ್ರೂ.
ನಾನಾಗಿದ್ದರೆ ಇನ್ನೂ ನೀಟಾಗಿ ಬಿಗಿಸುತ್ತಿದ್ದೆ
ಎಂದು ಬ್ಯಾಂಗರಿನ ಡಾಕ್ಟರಿಗೆ ಹೇಳಿದೆ. ನಗಲಿಲ್ಲ.
ಮಳೆ ಬರುವುದು ಒಂದು ದಿನ ಮೊದಲೇ ಅದಕ್ಕೆ ತಿಳಿಯುತ್ತದೆ.
ಇಲ್ಲಿ ಎಲ್ಲ ದಿನವೂ ಮಳೆಯ ಹಿಂದಿನ ದಿನ.

ಇವತ್ತು ಟೆಗಿಡ್ ಬಂದ. ಹತ್ತೊಂಬತ್ತು ವರ್ಷ.
ಬೈಕನ್ನು ಎಡಗೈಯಲ್ಲೇ ತಳ್ಳಿಕೊಂಡು.
"ಹಿಂದೆ ಏನೋ ಕಿರ್ ಅನ್ನುತ್ತೆ, ಅಷ್ಟೆ."
ಒರೆಸಿ ದೀಪ ಹಿಡಿದೆ. ಚೈನಿನ ಮಗ್ಗುಲ ಕೊಳವೆಯಲ್ಲಿ,
ಬೆಸುಗೆಯ ಪಕ್ಕ, ಒಂದು ಕೂದಲೆಳೆ.
ಬಣ್ಣ ಕೆರೆದದ್ದು ಎಂದ. ಉಗುರಾಡಿಸಿದೆ.
ಉಗುರು ಸಿಕ್ಕಿಕೊಂಡಿತು.

"ಬೆಸುಗೆ ಹಾಕಿಕೊಡು ಹೈಲ್ವೆನ್, ಶನಿವಾರ ರೇಸು."
ಆಗಲ್ಲ.
ಗೋದಾಮಿನಲ್ಲಿ ಎರಡು ಚಳಿಗಾಲ ರಾತ್ರಿ ಪಾಳಿ,
ಇನ್ನೂ ತೀರದ ಕಂತು, ಎಲ್ಲ ಹೇಳಿದ.
ಸುಂಕದವಳ ಮುಂದೆ ಸುಖದುಃಖ!
ನಾನಾದರೂ ಸುಂಕದವಳಲ್ಲ ಮಗೂ,
ಸುಂಕ ಮೇಲೆಯೇ ಕಟ್ಟಿ ಬಂದಿದ್ದೀ,
ನಾನು ರಸೀದಿ ಬರೆಯುವವಳು.

"ಭುಜ ತೋರಿಸು" ಎಂದೆ.
"ಯಾವ ಭುಜ?"
"ಬಾಗಿಲು ತಳ್ಳದೆ ಇದ್ದದ್ದು."

ಜಾಕೆಟ್ಟು ಬಿಚ್ಚಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ
ಕೆಟಲು ಕುದಿದು ತಾನೇ ಆರಿತು.
ಚರ್ಮದಡಿ ಕೊರಳೆಲುಬು
ಡೇರೆಯೊಳಗಿನ ಗೂಟದ ಹಾಗೆ ಎದ್ದಿತ್ತು.
ನಿನ್ನೆ ಮೊದಲ ಇಳಿತದಲ್ಲೇ ಆಯಿತಂತೆ.
ಆಮೇಲೆ ಮತ್ತೆ ಇಳಿದಿದ್ದಾನೆ. ಒಂದೇ ಸಲವಂತೆ.
ಅಮ್ಮನಿಗೆ ಹೇಳಿಲ್ಲ.

ಬೈಯಬೇಕಿತ್ತು, ಬೈದೆ.
ವ್ಯಾನಿನ ಕೀಲಿ ಹುಡುಕುತ್ತ ಬೈದೆ,
ಸೀಟಿನ ಮೇಲಿದ್ದ ಟೈರುಗಳನ್ನು ಹಿಂದಕ್ಕೆಸೆಯುತ್ತ ಬೈದೆ,
ಅವನ ಬೆಲ್ಟು ನಾನೇ ಹಾಕುವಾಗ ಮಾತ್ರ ಸುಮ್ಮನಿದ್ದೆ.
ಗುಂಡಿ ಗುಂಡಿಗೂ ಅವನು ಹಲ್ಲು ಕಚ್ಚಿದ,
ನಾನು ಗೇರು ಇಳಿಸಿದೆ.

ಕಣಿವೆ ದಾಟುವಾಗ ಬಾಯಿ ತಪ್ಪಿ ಕೇಳಿಬಿಟ್ಟೆ:
"ತುಕ್ಕು ಟ್ರಾಲಿ ಇದೆಯಲ್ಲ, ಅದರ ಕೆಳಗಿನ ಬಂಡೆ,
ಉರುಳಿಸಿಕೊಂಡು ಇಳಿದೆಯೋ, ಹಾರಿದೆಯೋ?"

"ಹಾರಿದೆ," ಎಂದ. "ಎರಡನೇ ಸಲವೂ."

ನೋವಿಗೆ ಬಿಳಿಚಿಕೊಂಡ ಮುಖದಲ್ಲಿ
ಎಲ್ಲಿತ್ತೋ ಅಷ್ಟೊಂದು ನಗು.
ಸ್ಟಿಯರಿಂಗಿನ ಮೇಲೆ ನನ್ನ ಮಣಿಕಟ್ಟು
ಕೇಳದೆ ಹೇಳದೆ ಒಂದು ಎಳೆ ಮೇಲೆದ್ದಿತು,
ಕೆಳಗೆ ನೆಲ ಬರುವುದನ್ನು ಕಾಯುವ ಹಾಗೆ.