ಸೈಜ್ ಮೂವತ್ತೆರಡು

ಕೌಲ್ ಬಜಾರಿನ ನಮ್ಮ ಓಣಿಯಲ್ಲಿ
ಅಂಗಳ ಅಂದರೆ ಮೂರು ಹೆಜ್ಜೆ.
ನಾಲ್ಕನೆಯದು ಇಟ್ಟರೆ ಗಟಾರ,
ಅದರಲ್ಲಿ ಸೋಮವಾರದಿಂದ ಶನಿವಾರದ ತನಕ
ಜೀನ್ಸ್ ತೊಳೆದ ನೀಲಿ ನೀರು.

ಆ ಮೂರು ಹೆಜ್ಜೆಯಲ್ಲಿ ಏನೇನು ನಿಂತಿದೆ ಎಂದು
ಮೊನ್ನೆ ಎಣಿಸಿದೆ:
ಒಂದು ಚಾನೆಲ್ಲೂ ಹಿಡಿಯದ ಆಂಟೆನಾ,
ಬಟ್ಟೆ ಹರಿದ ಎರಡು ಕೊಡೆಗಳ ಕಡ್ಡಿ,
ಮೈದುನನ ಸೈಕಲ್ಲಿನ ಹಿಂದಿನ ರಿಮ್ಮು,
ಮತ್ತೆ ಒಂದು ಊರುಗೋಲು.
ಅದು ನನ್ನದೇ.

ಮೋತಿ ಸರ್ಕಲ್ಲಿನಲ್ಲಿ ಲಗೇಜ್ ಆಟೋ ತಾಗಿ
ನಾಲ್ಕು ತಿಂಗಳು ಕಂಕುಳಲ್ಲಿ ಇದ್ದದ್ದು.
ಕಾಲು ನೆಟ್ಟಗಾದ ಮೇಲೆ
ಮನೆಯೊಳಗೆ ಬೇಡ, ಶನಿ ಅದು ಎಂದಳು ಅತ್ತೆ.
ಗುಜರಿಗೆ ಕೊಡಲು ಮನಸ್ಸು ಬರಲಿಲ್ಲ.
ಹೊರಗೆ ಜಾಜಿಯ ಪಕ್ಕ ನೆಟ್ಟೆ, ತಲೆಕೆಳಗಾಗಿ,
ಕಂಕುಳಿನ ಮೆತ್ತೆ ಮಣ್ಣಿಗೆ.
ಅಡ್ಡಪಟ್ಟಿ ಒಳಗೆ ಹೋದರೆ
ಗಾಳಿಗೆ ಅಲುಗುವುದಿಲ್ಲ ಎಂಬುದು ಆಮೇಲೆ ತಿಳಿಯಿತು.

ನಲ್ಲಿ ಬರುವುದು ಎಂಟು ದಿನಕ್ಕೊಮ್ಮೆ,
ಇವಕ್ಕೆಲ್ಲ ಅಕ್ಕಿ ತೊಳೆದ ನೀರು.
ಗಟಾರದ್ದು ಹಾಕಿದರೆ ಶಂಖಪುಷ್ಪ ಇನ್ನೂ ನೀಲಿಯಾದೀತೆಂದು
ಮಗಳು ಗಂಗೋತ್ರಿ ಒಮ್ಮೆ ಚೊಂಬು ಹಿಡಿದು ಬಗ್ಗಿದ್ದಳು.
ರಟ್ಟೆ ಹಿಡಿದು ಎಳೆದೆ.

ಕಟ್ಟಲಿಕ್ಕೆ ದಾರ ಕೊಂಡವಳಲ್ಲ.
ನಾನು ಹೊಲಿಯುವುದು ಸೊಂಟಪಟ್ಟಿ,
ದಿನಕ್ಕೆ ಇನ್ನೂರು, ಸೀಸನ್ನಿನಲ್ಲಿ ಇನ್ನೂರಾ ಎಂಬತ್ತು.
ಮಾಸ್ಟರ್ ಎರ್ರಿಸ್ವಾಮಿ ಚೆಲ್ಲಿದ ಚೂರು, ರಿಜೆಕ್ಟ್ ಆದ ಪಟ್ಟಿ
ಸಂಜೆ ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತೇನೆ.
"ಏನ್ ಮಾಡ್ತೀಯವ್ವ ಸುಂಕಮ್ಮ, ಕೌದಿನಾ?"
"ಇಲ್ಲ ಮಾಸ್ಟರ್, ಬಳ್ಳಿಗೆ ಬೆಲ್ಟು."
ಮಿಷನ್ನುಗಳೆಲ್ಲ ಒಂದು ಕ್ಷಣ ನಿಂತು ನಕ್ಕವು.

ಮೊದಲ ಬೇಸಿಗೆ ಬಿಗಿದು ಕಟ್ಟಿದೆ.
ಜೀನ್ಸ್ ಬಟ್ಟೆ. ಹಿಗ್ಗುವುದಿಲ್ಲ, ಹರಿಯುವುದಿಲ್ಲ.
ಶಂಖಪುಷ್ಪದ ಕುತ್ತಿಗೆಗೆ ಗಂಟು ಇಳಿದು
ಮೇಲಿನ ಅರ್ಧ ಯುಗಾದಿ ಕಳೆದ ವಾರಕ್ಕೆ ಒಣಗಿತು.
ನೀರು ಕಡಿಮೆ ಎಂದರು, ಬಿಸಿಲು ಎಂದರು.
ಬಳ್ಳಾರಿಯಲ್ಲಿ ಸತ್ತದ್ದಕ್ಕೆಲ್ಲ ಬಿಸಿಲೇ ಕಾರಣ.
ನಾನೂ ತಲೆಯಾಡಿಸಿದೆ.
ಗಂಟು ಬಿಚ್ಚುವಾಗ ಮಾತ್ರ ಕೈ ಒಪ್ಪಲಿಲ್ಲ.
ಬೆಳೆಯುವ ಹುಡುಗರ ಚಡ್ಡಿಗೆ ಒಳಗೊಂದು ಮಡಿಕೆ ಬಿಟ್ಟು
ಹೊಲಿಯುವುದನ್ನು ಹನ್ನೊಂದನೆಯ ವಯಸ್ಸಿಗೇ ಕಲಿತವಳು ನಾನು.

ಉದುರಿದ ಬೀಜ ತಾನೇ ಎದ್ದಿತು.
ಈಗ ಎಂಟರ ಹಾಗೆ ಸುತ್ತುತ್ತೇನೆ:
ಒಂದು ಸೊನ್ನೆ ಕಂಬಿಗೆ, ಒಂದು ಸೊನ್ನೆ ಹಸಿರಿಗೆ,
ಒಂದು ಬೆರಳು ಆಡುವಷ್ಟು ಸಡಿಲ.

ಭಾನುವಾರ ದಸ್ತಗೀರ ತಳ್ಳುಗಾಡಿ ನಿಲ್ಲಿಸಿ
ಆಂಟೆನಾ ಕಡೆ ನೋಡಿದ.
"ಅಲ್ಯುಮಿನಿಯಂ ರೇಟು ಏರೈತಿ ಅಕ್ಕಾ."
"ಬಳ್ಳಿ ಬಿಡಿಸ್ಕಂಡು ಒಯ್ಯಿ," ಎಂದೆ.
ಹತ್ತಿರ ಬಂದ. ಒಂದು ಸುತ್ತು ಬಿಡಿಸಿದ, ಎರಡು ಬಿಡಿಸಿದ.
ಮೂರನೆಯದರಲ್ಲಿ ಆಗಷ್ಟೇ ಬಾಯಿ ಬಿಟ್ಟ ಹೂವು,
ಅವನ ಹೆಬ್ಬೆರಳಿನಷ್ಟು.
ಬಿಡಿಸಿದ್ದನ್ನು ಮತ್ತೆ ಸುತ್ತಿದ, ತಪ್ಪು ದಿಕ್ಕಿಗೆ.
ಬಳ್ಳಿ ರಾತ್ರಿ ತಾನೇ ಸರಿಮಾಡಿಕೊಂಡಿತು.
ಹೋಗುವಾಗ ತಕ್ಕಡಿಯ ಕೆಳಗಿಂದ
ಟೇಬಲ್ ಫ್ಯಾನಿನ ಜಾಲರಿ ತೆಗೆದಿಟ್ಟ.
ರೊಕ್ಕ ಕೇಳಲಿಲ್ಲ.
"ಕಾಯಿ ಒಣಗಿದ್ರ ಎರಡು ನಂಗೂ ಇಡು."

ಊರುಗೋಲಿನ ರಬ್ಬರ್ ಬುಡ ಈಗ ಆಕಾಶಕ್ಕೆ.
ದೊಡ್ಡಾಸ್ಪತ್ರೆಯ ನೆಲ, ಸಿಟಿ ಬಸ್ಸಿನ ಮೆಟ್ಟಿಲು
ಒಂದೇ ಕಡೆ ಸವೆಸಿದ ರಬ್ಬರು.
ಜಾಜಿಯ ತುದಿ ಅಲ್ಲಿಯವರೆಗೂ ಹತ್ತಿ
ಇನ್ನು ಹತ್ತಲು ಏನೂ ಇಲ್ಲದೆ
ಸುಮ್ಮನೆ ಓಣಿ ನೋಡುತ್ತಿದೆ.

ಅದರ ಸೊಂಟದಲ್ಲಿ ನಾನು ಕಟ್ಟಿದ ಪಟ್ಟಿ,
ಪಟ್ಟಿಯಲ್ಲಿ ಕೀಳದೆ ಉಳಿದ ಲೇಬಲ್ಲು: ಮೂವತ್ತೆರಡು.
ಇವತ್ತು ಬೆರಳು ಹಾಕಿ ನೋಡಿದೆ. ಬಿಗಿ.
ನಾಳೆ ಎರ್ರಿಸ್ವಾಮಿಯನ್ನು ಕೇಳಬೇಕು,
ಮೂವತ್ತನಾಲ್ಕರದು ಯಾವುದಾದರೂ ಕೆಟ್ಟಿದೆಯೇ ಎಂದು.