ಮೂರನೇ ಸಾಲು, ಎರಡನೇ ಗೂಡು

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಹಿಂದೆ
ದಸ್ತಗಿರಿ ಸಾಬರ ಸೈಬರ್ ಅಂಗಡಿ.
ಒಂದೇ ಕಂಪ್ಯೂಟರು, ಎರಡು ಸ್ಟೂಲು,
ಅರ್ಧ ಅಕ್ಷರ ಸವೆದ ಕೀಬೋರ್ಡು,
ಬೆಳಿಗ್ಗೆ ಒಂಬತ್ತರಿಂದ ನಾನು, ನೂರಿ.

ಬ್ರೌಸರು ತೆರೆದರೆ ಮೊದಲು ಕಾಣುವ ಪುಟಕ್ಕೆ
ಇಂಗ್ಲಿಷಿನವರು ಮನೆ ಅನ್ನುತ್ತಾರೆ,
ಕನ್ನಡದವರು ಮುಖ.
ನಮ್ಮದಕ್ಕೆ ಎರಡೂ ಇರಲಿಲ್ಲ.
ಹುಡುಗರು ಇಳಿಸಿಕೊಂಡ ಯಾವುದೋ ಆಟದ ಬೆನ್ನಿಗೆ
ನುಸುಳಿ ಬಂದ ಜಾತಕದ ಜಾಹೀರಾತು,
ಕೂದಲೆಣ್ಣೆ, ಕುಣಿಯುವ ನಾಣ್ಯ.
ಅದರ ಕೆಳಗೆ ಯಾರ್ಯಾರೋ ಯಾವಾಗಲೋ ಸೇರಿಸಿದ
ಹನ್ನೆರಡು ಗೂಡು:
ಪಹಣಿ, ಕರೆಂಟ್ ಬಿಲ್ಲು, ಪಿಯುಸಿ ರಿಸಲ್ಟು,
ರೇಷನ್ನು ಎರಡು ಸಲ,
ಮುಚ್ಚಿಹೋದ ಒಂದು ಕಾಲೇಜು.

ಮಾರ್ಕೆಟ್ಟಿಗೆ ರಜೆಯಿದ್ದೊಂದು ಮಧ್ಯಾಹ್ನ
ನೊಣ ಹೊಡೆದೂ ಹೊಡೆದೂ ಬೇಜಾರಾಗಿ
ಸೆಟ್ಟಿಂಗ್ಸ್ ಒಳಗೆ ಇಳಿದೆ.
ನಾಣ್ಯ ಕಿತ್ತೆ, ಎಣ್ಣೆ ಕಿತ್ತೆ,
ಜಾತಕ ಮಾತ್ರ ಎರಡು ಸಲ ವಾಪಸ್ ಬಂತು
ಸಾಲ ಕೇಳುವ ನೆಂಟನ ಹಾಗೆ.
ಹಿನ್ನೆಲೆಗೆ ನಂದಿಬೆಟ್ಟ ಎಲ್ಲರೂ ಹಾಕುತ್ತಾರೆ;
ನಾನು ಹಾಕಿದ್ದು ಗೋಡೆಗೊರಗಿಸಿದ ಚಂದ್ರಿಕೆ,
ಸುತ್ತಿ ಸುತ್ತಿ ಒಳಗೇ ಹೋಗುವ ಬಿದಿರು,
ನಾನೇ ತೆಗೆದ ಫೋಟೋ.
ಗೂಡುಗಳನ್ನು ಬಣ್ಣ ನೋಡಿ ಜೋಡಿಸಿದೆ,
ನೀಲಿ ಮೇಲೆ, ಕೆಂಪು ಕೆಳಗೆ,
ಹೆಸರೆಲ್ಲ ದಪ್ಪ ಕನ್ನಡದಲ್ಲಿ.
ಸಾಬರು ಕನ್ನಡಕ ಹಣೆಗೇರಿಸಿ
'ಮದುವೆ ಮನೆ ಆಯ್ತಲ್ಲಮ್ಮ' ಅಂದರು.

ಸೋಮವಾರ ಅಕ್ಕಯಮ್ಮ ಬಂದಳು.
ಇಪ್ಪತ್ತು ವರ್ಷ ನೂಲು ಬಿಚ್ಚಿದವಳು.
ಬಿಸಿನೀರಲ್ಲಿ ಬೆಂದ ಬೆರಳಿಗೆ ಗೆರೆಯೇ ಇಲ್ಲ,
ರೇಷನ್ ಅಂಗಡಿಯ ಮೆಷಿನ್ನು
ಅವಳನ್ನು ಅವಳೆಂದು ಒಪ್ಪುವುದಿಲ್ಲ.
ಮೌಸು ಮಾತ್ರ ಯಾರಿಗೂ ಕೊಡಳು.
ಒತ್ತುವುದು ತಾನೇ, ನಂಬರು ಹೊಡೆಯುವುದು ನಾನು:
ಮಗಳ ಸ್ಕಾಲರ್‌ಶಿಪ್ಪು.
ಪರಿಶೀಲನೆಯಲ್ಲಿದೆ ಎಂಬ ಉದ್ದದ ಮಾತು
ಅವಳಿಗೆ ಓದಲು ಬಾರದು, ಬಣ್ಣ ಬರುತ್ತದೆ.
'ಇನ್ನೂ ಹಳದೀನೇ' ಅನ್ನುತ್ತಾಳೆ,
ಇನ್ನೂ ಬಲಿಯದ ಕಾಯಿಯನ್ನು ಮುಟ್ಟಿ ನೋಡಿದವಳಂತೆ.

ಅವತ್ತು ಒತ್ತಿದರೆ ತೆರೆದದ್ದು ಪಾಸ್‌ಪೋರ್ಟು.
ಮತ್ತೆ ಒತ್ತಿದಳು. ಮತ್ತೆ ಪಾಸ್‌ಪೋರ್ಟು.
ಪರದೆಯನ್ನಲ್ಲ,
ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು.

'ನನ್ ಜಾಗ ಎಲ್ಲಿಕ್ದೆ ನೂರೀ?'
'ಇಲ್ಲೇ ಇದೆ ಅಕ್ಕಯಮ್ಮ, ಮೇಲ್ಗಡೆ,
ದಪ್ಪಕ್ಷರದಲ್ಲಿ ಹೆಸರು ಬರ್ದಿದೀನಲ್ಲ'
ಅಂದವಳಿಗೆ
ಬರೆದದ್ದು ಗಂಟಲಲ್ಲಿ ಸಿಕ್ಕಿಕೊಂಡಿತು.

ಅವಳೇನೂ ಸಿಟ್ಟಾಗಲಿಲ್ಲ.
'ಬೇಸಿನ್ನಲ್ಲಿ ಹಬೆ ಎದ್ದಿರ್ತದೆ ನೋಡು,
ಎಳೆ ತುದಿ ಕಣ್ಣಿಗೆಲ್ಲಿ ಕಾಣ್ತದೆ?
ಕೈಗೆ ಗೊತ್ತಿರ್ತದೆ ಅಷ್ಟೆ.
ಒಂದಪ ಓನರು ಬೇಸಿನ್ನು ಅರ್ಧ ಅಡಿ ಸರಿಸಿದ್ನಾ,
ಅವತ್ತೆಲ್ಲ ಬರೀ ನೂಲು ಕಡೀತು.'

ಅವಳು ಹೋದ ಮೇಲೆ
ಮೂರನೇ ಸಾಲಿನ ಎರಡನೆಯದನ್ನು
ಮೂರನೇ ಸಾಲಿನ ಎರಡನೆಯದಾಗಿ ಇಟ್ಟೆ.
ಮಿಕ್ಕವೂ ನೆನಪಿದ್ದಷ್ಟು ಅವವೇ ಜಾಗಕ್ಕೆ.
ರೇಷನ್ನು ಎರಡೂ ಇರಲಿ,
ಎರಡಕ್ಕೂ ಬೇರೆ ಬೇರೆ ಕೈ ಇದ್ದೀತು.
ಮುಚ್ಚಿದ ಕಾಲೇಜನ್ನೂ ಹುಡುಕಿ ತಂದೆ;
ತೆರೆಯದ ಬಾಗಿಲನ್ನು ವಾರಕ್ಕೊಮ್ಮೆ ಯಾರು ಬಡಿಯುತ್ತಾರೋ,
ನನಗೇನು ಗೊತ್ತು.
ಚಂದ್ರಿಕೆ ಬಿಟ್ಟುಕೊಡಲಿಲ್ಲ.
ಅದು ನನ್ನದು.

ಮುಂದಿನ ಸೋಮವಾರ ಅಕ್ಕಯಮ್ಮ
ರಸ್ತೆಯಲ್ಲಿ ಹೋಗುತ್ತಿದ್ದ ಗೂಡಿನ ಮೂಟೆ ನೋಡುತ್ತಲೇ
ಒತ್ತಿದಳು. ತೆರೆಯಿತು.
ಹಳದಿ.
'ಇರ್ಲಿ, ಅಲ್ಲೇ ಐತಲ್ಲ' ಅಂದು
ಹತ್ತು ರೂಪಾಯಿ ಮಡಚಿಟ್ಟು ಎದ್ದಳು.

ಸಂಜೆ ಷಟರ್ ಅರ್ಧ ಎಳೆದು
ಕಣ್ಣು ಮುಚ್ಚಿ ನಾನೂ ಒತ್ತಿ ನೋಡಿದೆ,
ಮೂರನೇ ಸಾಲು, ಎರಡನೇ ಗೂಡು.

ಕರೆಂಟ್ ಬಿಲ್ಲು.
ಇನ್ನೊಮ್ಮೆ. ಕರೆಂಟ್ ಬಿಲ್ಲು.